ಕತ್ತಿವೀರನ ಬೆಂಕಿಗೆ ಅವ್ವನ ಕಾವಲು

ನಮ್ಮ ಮನೆಯವರಿಗೆ ಐವತ್ತು ತುಂಬುವ ಹೊತ್ತಿಗೆ ಮಂಡಿನೋವು ಬಂತು, ಹೊಟ್ಟೆ ಬಂತು, ಅವುಗಳ ಹಿಂದೆಯೇ ಮೈಸೂರಿನಿಂದ ಒಂದು ಗೇಮ್ ಯಂತ್ರವೂ ಬಂತು. ಯಾರೋ ಆಡಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು. ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರಲ್ಲೇ ಇರುವ ಗಾಜಿನ ಪರದೆ ನೋಡುತ್ತಾ, ಹೆಬ್ಬೆರಳಿನಲ್ಲಿ ಗುಂಡಿ ಒತ್ತುತ್ತಾ ಆಡಬೇಕು. ಒಳಗಿದ್ದದ್ದು ಒಂದೇ ಆಟ: ಕತ್ತಿ ಹಿಡಿದ ಒಬ್ಬ ವೀರ, ಅವನು ಕಾಪಾಡಬೇಕಾದ ಒಂದು ರಾಜ್ಯ. ಕೆ.ಆರ್. ನಗರದ ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿ ಕೂತು ಇವರು ಆ ರಾಜ್ಯವನ್ನು ಕಾಪಾಡಲು ಹೊರಟರು. ಅಡುಗೆಮನೆಯ ನಲ್ಲಿ ಸೋರುತ್ತಿದ್ದದ್ದು ಹಾಗೇ ಸೋರುತ್ತಿತ್ತು.

ಸುಮ್ಮನೆ ಬೈಯುತ್ತಿಲ್ಲ, ನಾನೂ ಆಡಿ ನೋಡಿಯೇ ಹೇಳುತ್ತಿದ್ದೇನೆ. ನೀರನ್ನು ಮಾತ್ರ ಚೆನ್ನಾಗಿ ಮಾಡಿದ್ದಾರೆ, ಒಪ್ಪಿಕೊಳ್ಳಬೇಕು. ಹೊಳೆಯ ಸದ್ದು ಕೇಳಿದರೆ ಮಳೆಗಾಲದಲ್ಲಿ ಚುಂಚನಕಟ್ಟೆಯಲ್ಲಿ ನಿಂತ ಹಾಗೆಯೇ ಆಗುತ್ತದೆ. ಬೆಟ್ಟ ಹತ್ತಿದರೆ ದೂರದ ಊರುಗಳು ಕಾಣುತ್ತವೆ, ಕಂಡ ಊರಿಗೆಲ್ಲ ನಡೆದೇ ಹೋಗಬಹುದು. ಇಷ್ಟೆಲ್ಲ ಮಾಡಿದವರು ಆ ವೀರನಿಗೆ ಬುದ್ಧಿ ಕೊಡುವುದನ್ನು ಮರೆತಿದ್ದಾರೆ. ಮನೆಗಾತ್ರದ ರಾಕ್ಷಸನನ್ನು ಕೊಲ್ಲುತ್ತಾನೆ, ಮೊಣಕಾಲುದ್ದದ ಬೇಲಿ ದಾಟಲಾರ. ಕಂಡವರ ಮನೆಗೆ ನುಗ್ಗಿ ಮಡಕೆ ಒಡೆದು ಹಾಕುತ್ತಾನೆ, ಮನೆಯವರು ಹಲ್ಲು ಕಿರಿಯುತ್ತಾ ನಿಂತಿರುತ್ತಾರೆ. ಅಕ್ಷರಗಳೋ ಇರುವೆ ಸಾಲು, ಅದೂ ಇಂಗ್ಲಿಷಿನಲ್ಲಿ. ಒದ್ದಾಡಿಕೊಂಡು ಅಷ್ಟು ದೂರ ಹೋಗಿ ಎಲ್ಲೋ ಕಾಲು ಜಾರಿ ಸತ್ತರೆ ಎಲ್ಲ ಮೊದಲಿನಿಂದ ಶುರು. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿ ಉರಿಯುತ್ತಿರುತ್ತದೆ. ಅದರ ಮುಂದೆ ಕೂತರೆ ಮಾತ್ರ ಅಲ್ಲಿಯವರೆಗೆ ಆಡಿದ್ದು ಉಳಿಯುತ್ತದೆ.

ಆ ವರ್ಷವೇ ಅವ್ವನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು. ಮಾತಿಗೆ ಏನೂ ಆಗಲಿಲ್ಲ. ಪಿರಿಯಾಪಟ್ಟಣದ ಕಡೆ ನಮ್ಮಣ್ಣನ ಮನೆಯಲ್ಲಿದ್ದವಳನ್ನು ನಮ್ಮ ಮನೆಗೆ ಕರೆತಂದೆವು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು: "ಹೆಬ್ಬೆರಳು ಆಡ್ಲೇಬೇಕು ಆಂಟಿ. ಈಗ ಬಿಟ್ರೆ ಆ ಕೈ ಮತ್ತೆ ಬರಲ್ಲ." ಹಿಸುಕುವುದಕ್ಕೆ ಒಂದು ಹಳದಿ ಚೆಂಡು ಕೊಟ್ಟು ಹೋದಳು. ಅವ್ವ ಅದನ್ನು ಮಂಚದ ಕೆಳಕ್ಕೆ ತಳ್ಳಿದಳು.

"ನಾನೇನ್ ಮಗೀನಾ, ಚೆಂಡಾಡಕ್ಕೆ?"

ಬೇಡಿಕೊಂಡೆ, ಗದರಿದೆ, ಒಂದು ದಿನ ಅತ್ತೂಬಿಟ್ಟೆ. ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ಕೈ ಮಡಿಲಲ್ಲಿ ಯಾರದೋ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು.

ಒಂದು ಮಧ್ಯಾಹ್ನ ಇವರು ಅವ್ವನ ಮಂಚದ ಪಕ್ಕ ಕೂತು ಆಡುತ್ತಿದ್ದರು. ವೀರ ಬೆಂಕಿಯ ಮುಂದೆ ಸ್ವಲ್ಪ ಹೊತ್ತು ಕೂತು, ಎದ್ದು, ಕತ್ತಿ ಬೆನ್ನಿಗೆ ಹಾಕಿಕೊಂಡು ನಡೆದ. ಅವ್ವ ತಲೆಯೆತ್ತಿದಳು.

"ಅಳಿಯಂದ್ರೆ, ಉರಿ ಬುಟ್ಟು ಎದ್ದೋಯ್ತಾವ್ನಲ್ಲ! ಅದ ಯಾರ್ ನೋಡ್ಕತಾರೆ?"

ನಮ್ಮ ಊರಿನವರಿಗಲ್ಲದೆ ಬೇರೆ ಯಾರಿಗೂ ಈ ಚಿಂತೆ ಹುಟ್ಟುತ್ತಿರಲಿಲ್ಲ. ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆಗೆ, ಅಂದರೆ ಬ್ಯಾರನ್‌ಗೆ, ಬೆಂಕಿ ಹಾಕಿದ ಮೇಲೆ, ಸೊಪ್ಪು ಹದವಾಗಿ ಇಳಿಯುವ ತನಕ ಯಾರಾದರೊಬ್ಬರು ಉರಿಯ ಮುಂದೆ ಇರಲೇಬೇಕು. ಉರಿ ತಗ್ಗಿದರೆ ಸೊಪ್ಪು ಕೆಡುತ್ತದೆ, ಹೆಚ್ಚಿದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಮದುವೆಗಾಗಲಿ ಸಾವಿಗಾಗಲಿ ಹೊರಡುವ ಮುಂಚೆ ಕೇಳುವುದು ಒಂದೇ, ಉರಿ ಮುಂದೆ ಯಾರಿರ್ತೀರಿ ಅಂತ. ನನ್ನ ಮದುವೆಯ ಮಾತುಕತೆಗೇ ಅವ್ವ ಉರಿ ಬಿಟ್ಟು ಬಂದಿರಲಿಲ್ಲ.

"ಕೊಡಿ ಇತ್ಲಾಗೆ," ಎಂದಳು. ಇವರು ಬಾಯಿ ಬಿಟ್ಟುಕೊಂಡು ಯಂತ್ರವನ್ನು ಅವಳ ತೊಡೆಯ ಮೇಲಿಟ್ಟರು. ಆಟದಲ್ಲಿ ಬೆಂಕಿಯ ಹತ್ತಿರ ಬಲಗಡೆಯ ಒಂದು ಗುಂಡಿ ಒತ್ತಿದರೆ ವೀರ ಒಂದು ಸೌದೆ ಹಾಕುತ್ತಾನೆ, ಕಿಡಿ ಹಾರುತ್ತದೆ. ಅವ್ವ ಎಡಗೈಯಿಂದ ಬಲ ಹೆಬ್ಬೆರಳನ್ನು ಎತ್ತಿ ಗುಂಡಿಯ ಮೇಲಿಟ್ಟು ಅದುಮಿದಳು. ಸೌದೆ ಬಿತ್ತು. ಮತ್ತೆ ಅದುಮಿದಳು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯಲ್ಲಿ ಹೊಸ ಬ್ಯಾರನ್. ಬೆಳಗ್ಗೆ ಮುಖ ತೊಳೆಸಿದ ಕೂಡಲೇ ಯಂತ್ರ ಬೇಕು. ರಾಕ್ಷಸ ಯಾರಾದರೂ ಬಂದರೆ "ಬಾರೆ, ಯಾವನೋ ಬಂದ" ಎಂದು ನನ್ನನ್ನು ಕೂಗುತ್ತಿದ್ದಳು; ನಾನು ಸಾರಿನ ಕೈಯಲ್ಲೇ ಬಂದು ಅವನನ್ನು ಕಡಿದು ಹೋಗುತ್ತಿದ್ದೆ. ವೀರನ ಹೆಗಲ ಮೇಲೆ ಒಂದು ಹಕ್ಕಿ ಬೇರೆ, ಹೊತ್ತಿಲ್ಲ ಗೊತ್ತಿಲ್ಲ ಕಿರುಚುತ್ತಿತ್ತು.

"ಏನಂತೆ ಅದರದು?"

"ರಾಜ್ಯ ಹಾಳಾಗ್ತಾ ಇದೆಯಂತೆ ಅವ್ವ, ಬೇಗ ಹೊರಡಬೇಕಂತೆ."

"ಆಗ್ಲಿ ಬುಡು. ಉರಿ ಬುಟ್ಟೋಗೋನು ರಾಜ್ಯ ಏನ್ ಕಾಯ್ತಾನೆ?"

ಇವರಿಗೆ ಯಂತ್ರ ಸಿಗದೆ ತಿಂಗಳುಗಳೇ ಆದವು. ನಲ್ಲಿ ರಿಪೇರಿಯಾಯಿತು.

ಒಂದು ದಿನ ಅವ್ವ ನಿದ್ದೆ ಹೋದಾಗ ನಾನು ಪರೀಕ್ಷೆ ಮಾಡಿದೆ. ಸೌದೆ ಹಾಕದೆ ಸುಮ್ಮನಿದ್ದೆ. ವೀರನನ್ನು ಸಮುದ್ರದ ತನಕ ಅಲೆದಾಡಿಸಿಕೊಂಡು ಬಂದೆ. ಬೆಂಕಿ ಇದ್ದ ಹಾಗೇ ಇತ್ತು. ಸೌದೆ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಅದು ಬರೀ ಚಿತ್ರ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಚಂದದ ಹೊಳೆ ಮಾಡಲು ಬಂದವರಿಗೆ ಆರುವ ಒಂದು ಬೆಂಕಿ ಮಾಡಲು ಬರಲಿಲ್ಲವೇ? ಹಾಗಿದ್ದ ಮೇಲೆ ಸೌದೆ ಹಾಕುವ ಗುಂಡಿ ಯಾಕೆ ಇಟ್ಟರು, ಯಾರ ಕಣ್ಣಿಗೆ ಮಣ್ಣೆರಚಲು? ಆದರೂ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಹೆಬ್ಬೆರಳು ಎಡಗೈಯ ಆಸರೆಯಿಲ್ಲದೆ ಗುಂಡಿ ಒತ್ತಲು ಕಲಿತಿತ್ತು. ಉಳಿದ ಬೆರಳುಗಳು ಇನ್ನೂ ಮಡಚಿಕೊಳ್ಳುತ್ತಿರಲಿಲ್ಲ. ನಿಜ ಹೇಳಿದರೆ ಅವ್ವ ಅಂದೇ ನಿಲ್ಲಿಸುತ್ತಾಳೆ, ಕೈ ಅಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಹೆದರಿಕೆ.

ಹೇಳಿದ್ದೂ ನಾನೇ. ಒಂದು ಬೆಳಗ್ಗೆ ಟೀ ಕೊಟ್ಟೆ. ಎಡಗೈಯಲ್ಲಿ ಲೋಟ ಹಿಡಿದುಕೊಂಡು, "ನಾನ್ ಟೀ ಕುಡಿಯೋಗಂಟ ಉರಿ ನೋಡ್ಕೊ ಬಾ" ಎಂದಳು. ಒಳಗೆ ಹಾಲು ಉಕ್ಕುತ್ತಿತ್ತು, ಬಾಗಿಲಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ನನ್ನ ತಾಳ್ಮೆ ಕೆಟ್ಟಿತು.

"ಅದು ಆರಲ್ಲ ಕಣವ್ವ! ನೀನು ಹಾಕಿದ್ರೂ ಉರಿಯುತ್ತೆ, ಹಾಕದಿದ್ರೂ ಉರಿಯುತ್ತೆ. ಸುಳ್ಳು ಬೆಂಕಿ ಅದು!"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ತೊಡೆಯ ಮೇಲಿದ್ದ ಯಂತ್ರ ನೋಡಿದಳು. ಸೌದೆ ಹಾಕಲಿಲ್ಲ. ಟೀ ಆರಿತು, ಕೆನೆ ಕಟ್ಟಿತು. ಬೆಂಕಿ ಉರಿಯುತ್ತಲೇ ಇತ್ತು.

"ಅಂಗಾರೆ ಇಷ್ಟ್ ದಿನ ನಾನ್ ಕಾದಿದ್ದು?"

ಒಳಗಿಂದ ಹಾಲು ಸೀದ ವಾಸನೆ ಬರುತ್ತಿತ್ತು.

"ಇವ್ನ ಮನೆ ಆಳಾಗ!" ಎಂದವಳೇ ಯಂತ್ರವನ್ನು ಎತ್ತಿ ಎಸೆದಳು. ಅದು ಎದುರಿನ ಗೋಡೆಗೆ ಬಡಿದು ಕೆಳಗೆ ಬಿತ್ತು. ನಾನು ಇವರ ಮುಖ ನೆನೆಸಿಕೊಂಡು ಓಡಿಹೋಗಿ ಎತ್ತಿಕೊಂಡೆ. ಗಾಜು ಈ ತುದಿಯಿಂದ ಆ ತುದಿಗೆ ಸೀಳಿತ್ತು. ಬೈಯಬೇಕೆಂದು ತಿರುಗಿದೆ.

ಟೀ ಲೋಟ ಅವ್ವನ ಎಡಗೈಯಲ್ಲೇ ಇತ್ತು. ಯಂತ್ರವನ್ನು ಹಿಡಿದದ್ದು, ಎತ್ತಿದ್ದು, ಎಸೆದದ್ದು ಬಲಗೈ. ಅವ್ವ ಆ ಕೈಯನ್ನೇ ನೋಡುತ್ತಾ ಕೂತಿದ್ದಳು.

"ತತ್ತಾ ಇಲ್ಲಿ ಅದ," ಎಂದಳು. "ಇನ್ನೊಂದ್ ಸಲ ಎಸೀತೀನಿ."

ನಾನು ಕೊಟ್ಟೆ.