ಬೇಳೆ ಬೇಯದ ಬೋರಿನ ನೀರು

ಎಪ್ಪತ್ತರ ದಶಕದಲ್ಲಿ ತಿಕೋಟಾದ ನಮ್ಮ ಹಿತ್ತಿಲಿಗೆ ವಿಜಾಪುರದಿಂದ ಬೋರ್ ಕೊರೆಯುವ ಲಾರಿ ಬಂತು. ಅದಕ್ಕೂ ಮೊದಲು ನೆಲದಡಿಯ ನೀರು ಗುರುತಿಸುವ ಒಬ್ಬ ಮುದುಕ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಿಲೆಲ್ಲ ಅಡ್ಡಾಡಿ, ಕಾಯಿ ಎದ್ದು ನಿಂತಿತೆಂದು ಹೇಳಿ, ಬೇವಿನ ಗಿಡದ ಪಕ್ಕ ಗೂಟ ಬಡಿದು ಹೋಗಿದ್ದ. ಕಾಯಿ ತಾನೇ ಎದ್ದಿತೋ, ಅವನೇ ಎಬ್ಬಿಸಿದನೋ, ನನಗೆ ಇಂದಿಗೂ ಅನುಮಾನ. ಅಪ್ಪನಿಗೆ ಮಾತ್ರ ಇರಲಿಲ್ಲ.

ಮಧ್ಯಾಹ್ನದವರೆಗೆ ಬರೀ ದೂಳು. ಒಣಹಾಕಿದ ಸೀರೆ, ಎಮ್ಮೆ, ಅಪ್ಪನ ಮೀಸೆ ಎಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಆಮೇಲೆ ದೂಳು ಹಸಿಯಾಯಿತು, ರಾಡಿಯಾಯಿತು, ಒಮ್ಮೆಲೇ ನೀರು ಚಿಮ್ಮಿತು. ಬೊಗಸೆಯಲ್ಲಿ ಹಿಡಿದು ಕುಡಿದವರೆಲ್ಲ ಸಿಹಿ ಎಂದರು. ಅತ್ತೆ ಮಾತ್ರ ಹೊರಗೆ ಬರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಕನಮಡಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದಿದ್ದಳು. ಊರ ಹೊರಗಿನ ಬಾವಿಯಿಂದ ಮನೆಗೆ ಬೇಕಾದ ನೀರೆಲ್ಲ ಅವಳೇ ಹೊರುತ್ತಿದ್ದಳು. ಬೇರೆಯವರು ಕೊಡ ಮುಟ್ಟಿದರೆ ಸಿಡುಕುತ್ತಿದ್ದಳು. ಕುಳಿತು ಉಣ್ಣುವವಳೆಂದು ಯಾರೂ ಆಡಿಕೊಳ್ಳಬಾರದು, ಅದೇ ಅವಳ ಹಟ.

ಬೋರಿಗೆ ಕೈಪಂಪು ಕೂಡಿಸಿದ ದಿನ ಅವಳು ಸೀರೆಗಳನ್ನು ಗಂಟು ಕಟ್ಟಿದಳು.

“ಕನಮಡಿಗಿ ಹೊಕ್ಕೇನಿ. ಇನ್ನ ಈ ಮನ್ಯಾಗ ನಂದೇನ ಕೆಲಸ ಐತಿ?”

“ಅಲ್ಲಿ ನಿನ್ನ ಯಾರ ಮಾತಾಡಸ್ತಾರಬೇ ಅಕ್ಕಾ?” ಎಂದ ಅಪ್ಪ.

ಅಪ್ಪ ಒಳ್ಳೆಯವನೇ. ಆದರೆ ಎಲ್ಲಿ ಏನು ಆಡಬೇಕೆಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಅತ್ತೆ ಗಂಟನ್ನು ಇನ್ನಷ್ಟು ಬಿಗಿದಳು.

“ಉಂಡ ಹೋಗ್ರಿ ಅಕ್ಕಾರ,” ಎಂದಳು ಅವ್ವ.

ಬೋರಿನ ನೀರಲ್ಲೇ ತೊಗರಿಬೇಳೆ ಇಟ್ಟಳು. ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಯಲಿಲ್ಲ. ಉಣ್ಣಲು ಕುಳಿತ ಅಪ್ಪನ ಹಲ್ಲಿಗೆ ಕಟಕ್ಕೆಂದಿತು.

“ಬಾಯಿಗೆ ಸಿಹಿ ಇದ್ರ ಏನ ಬಂತು? ಈ ನೀರಾಗ ಬ್ಯಾಳಿ ಬೇಯಾಂಗಿಲ್ಲ,” ಎಂದು ಅವ್ವ ತಲೆಗೆ ಕೈ ಹಚ್ಚಿ ಕುಳಿತಳು. “ಎಮ್ಮಿ ಮೈ ತೊಳ್ಯಾಕ ಅಡ್ಡಿಲ್ಲ. ಅಡಗಿಗೆ ಬಾವಿ ನೀರ ಬೇಕು. ಅಷ್ಟ ದೂರದಿಂದ ಹೊರೂದು ನನ್ನ ಕೈಲೆ ಆಗಾಂಗಿಲ್ರಿ.”

ಅತ್ತೆ ತಮ್ಮನ ಮುಖ ನೋಡಿದಳು. “ಭಾಳ ಶಾಣ್ಯಾ ಅದಿ. ಓಣಿಗೆಲ್ಲಾ ದೂಳಾ ಹಾರಿಸಿ ಎಂಥಾ ನೀರ ತಗದಿ,” ಎಂದವಳೇ ಗಂಟನ್ನು ಅಲ್ಲೇ ಬಿಟ್ಟು ಕೊಡದಡಿ ತಲೆಗಿಡುವ ಸಿಂಬೆ ಹುಡುಕಲು ಹೋದಳು. ಅವಳ ದನಿಯಲ್ಲಿ ಖುಷಿ ಇತ್ತು.

ಮುಂದೊಂದು ಚಳಿಗಾಲ ಅವಳು ಜ್ವರ ಬಂದು ಮಲಗಿದಳು. ಬಾವಿಗೆ ಹೋಗುವವರಿಲ್ಲ. ಅವ್ವ ಸುಮ್ಮನೆ ಪಂಪು ಹೊಡೆದು ಅದೇ ನೀರಲ್ಲಿ ಬೇಳೆ ಇಟ್ಟಳು. ಅದು ಬೆಣ್ಣೆಯಂತೆ ಬೆಂದಿತು. ನಾನು ಕೇಳುವ ಮೊದಲೇ ಅವ್ವ ಸೌಟು ಎತ್ತಿದಳು.

“ಅವತ್ತ ಹಸಿ ಬ್ಯಾಳ್ಯಾಗ ಹುಣಸಿಹಣ್ಣ ಹಾಕಿದ್ನಿ. ಹುಳಿ ಮೊದಲ ಬಿದ್ರ ಯಾವ ನೀರಾಗೂ ಬೇಯಾಂಗಿಲ್ಲ. ಯಾರ ಮುಂದರೆ ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ.”

ಅವ್ವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಮೆತ್ತನೆಯ ಅನ್ನಕ್ಕೆ ಬೇಳೆ ಕಲಸಿ ಒಯ್ದೆವು. ಅತ್ತೆ ಒಂದು ತುತ್ತು ಉಂಡು ತಡೆದಳು.

“ಬ್ಯಾಳಿ ಬೆಂದಾವಲ್ಲ. ಬಾವಿಗಿ ಯಾರ ಹೋಗಿದ್ರು?”

“ನಾನ ಹೋಗಿದ್ನಿರಿ,” ಎಂದು ಅವ್ವ ಸೊಂಟ ಹಿಡಿದುಕೊಂಡಳು. “ನಡಾ ಮುರದ ಹೋತು.”

ಅತ್ತೆ ಜ್ವರದಲ್ಲೇ ಎದ್ದು ಕುಳಿತಳು. “ನಿನಗ ಯಾರ ಹೇಳಿದ್ರು ಹೋಗಂತ? ನಾ ಇನ್ನೂ ಅದೇನಲ್ಲ ಈ ಮನ್ಯಾಗ.”

“ತಪ್ಪಾತ್ರಿ ಅಕ್ಕಾರ,” ಎಂದಳು ಅವ್ವ. “ಲಗೂ ಆರಾಮ ಆಗ್ರಿ.”