ಹಲ್ಲಿನ ಗುರುತು

ಗುಡ್ಡ ಅಗೆದು ಇಲಿ ಹಿಡಿದವರ ಸುದ್ದಿ ಎಲ್ಲರೂ ಕೇಳಿದ್ದಾರೆ. ಇದನ್ನು ಬರೆಯುತ್ತಿರುವ ಗುಮಾಸ್ತನಿಗೆ ಆ ಇಲಿಯೂ ಸಿಗಲಿಲ್ಲ.

ಮಕ್ಕಳ ಪುಸ್ತಕದ ಕಚೇರಿಗೆ ಸೇರಿದ ಮೊದಲ ವಾರ ಅವನು ಕಪಾಟು ತೆಗೆದು ನೋಡಿದರೆ, ಮಾದರಿ ಪುಸ್ತಕಗಳೆಲ್ಲ ಮೂಲೆ ಕಡಿಸಿಕೊಂಡು ಕೂತಿದ್ದವು. ಇಲಿ ಹಿಡಿದುಕೊಟ್ಟರೆ ಕೆಲಸ ಬೇಗ ಕಾಯಂ ಆದೀತೆಂಬ ಆಸೆಯಲ್ಲಿ ಅವನು ಬೋನು ತಂದಿಟ್ಟ. ಮಾರನೆಯ ದಿನ ಅದಕ್ಕೆ ಸಿಕ್ಕಿದ್ದು ಅವನದೇ ಹೆಬ್ಬೆರಳು.

ಬೆರಳಿಗೆ ಬಟ್ಟೆ ಸುತ್ತುತ್ತ ದೊಡ್ಡಮ್ಮ ಹೇಳಿದರು: "ಅದು ಇಲಿ ಅಲ್ಲಪ್ಪ, ನನ್ನ ತಂಗಿ ಮೊಮ್ಮಗಳು. ಬ್ರೆಡ್ಡಿನ ಚೂರಿಗೆಲ್ಲ ಬೋನಿಗೆ ಬೀಳೋಳಲ್ಲ."

ದೊಡ್ಡಮ್ಮ ಇಡೀ ಕಚೇರಿಗೇ ದೊಡ್ಡಮ್ಮ. ಇಪ್ಪತ್ತು ವರ್ಷ ರಸ್ತೆಬದಿಯ ಎಚ್ಚರಿಕೆ ಫಲಕ ಬರೆದು, ಆಮೇಲೆ ಹಾಲುಹಲ್ಲಿನ ಮಕ್ಕಳ ರಟ್ಟಿನ ಪುಸ್ತಕಕ್ಕೆ ಬಂದವರು. ಹತ್ತು ದಪ್ಪ ಪುಟ, ದುಂಡಗೆ ಕತ್ತರಿಸಿದ ಮೂಲೆ, ಪುಟಕ್ಕೊಂದೇ ಚಿತ್ರ. "ಓಡೋ ಲಾರಿಯವನೂ ತೆವಳೋ ಮಗುವೂ ಒಂದೇ. ಒಂದು ಸಲ ನೋಡ್ತಾರೆ, ಅಷ್ಟರಲ್ಲಿ ಹೇಳಿ ಮುಗಿಸ್ಬೇಕು" ಎನ್ನುತ್ತಿದ್ದರು.

ಮಾದರಿ ಸಿದ್ಧವಾದೊಡನೆ ಅದು ತಂಗಿಯ ಮನೆಗೋ ಕೆಳಮಹಡಿಯ ಶಿಶುವಿಹಾರಕ್ಕೋ ಹೋಗುತ್ತಿತ್ತು. ವಾರದ ನಂತರ ದೊಡ್ಡಮ್ಮ ಹಲ್ಲಿನ ಗುರುತು ಎಣಿಸುತ್ತಿದ್ದರು. ಮಕ್ಕಳು ಕಚ್ಚಿದ ಪುಟ ಗೆದ್ದಿತು, ಕಚ್ಚದ್ದು ಸೋತಿತು. ತಿಂಗಳುಗಟ್ಟಲೆ ಕೂತು ಬರೆದ ಕೊಡೆಯ ಚಿತ್ರವನ್ನು ಒಬ್ಬರೂ ಮೂಸಲಿಲ್ಲವೆಂದು "ಕೊಡೆ ಸಪ್ಪೆ" ಎಂದು ತಾವೇ ಹರಿದುಹಾಕಿದ್ದರು.

ಹೊಸ ಪುಸ್ತಕದ ಬಾತುಕೋಳಿಗೆ ಮಾರಾಟದ ಮ್ಯಾನೇಜರ್ ಅಡ್ಡಗಾಲು ಹಾಕಿದರು.

"ಒಂದು ಹಳದಿ ಬಾತು, ಸುತ್ತ ಒಂದು ಕಪ್ಪು ಗೆರೆ. ಇದಕ್ಕೆ ಯಾರಮ್ಮ ದುಡ್ಡು ಕೊಡ್ತಾರೆ?"

ಅವರು ಕಂಪ್ಯೂಟರಿನಲ್ಲಿ ಬೇರೆಯದನ್ನೇ ಬರೆಸಿದ್ದರು: ಟೋಪಿ ಹಾಕಿದ ಬಾತು, ಕೊಳ, ಕಪ್ಪೆ, ಹದಿನೇಳು ಮೀನು. ಅಚ್ಚಾಗುವುದು ಎರಡರಲ್ಲಿ ಒಂದೇ. ಈ ಸಲ ಸೋತರೆ ದೊಡ್ಡಮ್ಮನ ಮೇಜೂ ಖಾಲಿ ಎಂದು ಕಚೇರಿ ಪಿಸುಗುಟ್ಟಿತು. ಅವರು ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಬರೆಯುವುದನ್ನು ಎಲ್ಲರೂ ನೋಡಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಎರಡೂ ಕೆಳಗೆ ಹೋಗ್ಲಿ" ಎಂದರು ದೊಡ್ಡಮ್ಮ.

ವಾರ ಕಳೆದು ಗುಮಾಸ್ತ ಎರಡನ್ನೂ ಮೇಲೆ ತಂದ. ಮ್ಯಾನೇಜರರ ಪುಸ್ತಕ ಹೋದ ಹಾಗೇ ಬಂದಿತ್ತು. ಅವರ ಮುಖ ಊರಗಲವಾಯಿತು.

"ನೋಡಿ, ಒಂದು ಗೀರಿಲ್ಲ. ಮಾಲು ಅಂದ್ರೆ ಇದು." ದೊಡ್ಡಮ್ಮನದನ್ನು ಎರಡೇ ಬೆರಳಲ್ಲಿ ಎತ್ತಿದರು. ಮೂಲೆಗಳು ಹಾಲಲ್ಲಿ ಅದ್ದಿದ ಬಿಸ್ಕತ್ತಿನಂತಾಗಿದ್ದವು. ಬಾತಿನ ಕೊಕ್ಕು ಚಪ್ಪಟೆಯಾಗಿತ್ತು. "ಇದಕ್ಕೇನು ಗತಿ ಬಂತು?"

ಜೀವನದಲ್ಲಿ ಮೊದಲ ಸಲ ಗುಮಾಸ್ತನಿಗೆ ಮ್ಯಾನೇಜರಿಗಿಂತ ಹೆಚ್ಚು ಗೊತ್ತಿತ್ತು. ಹೆಬ್ಬೆರಳು ತೋರಿಸಿ ಹೇಳಿದ: "ಸಾರ್, ನಾನೂ ಹಿಂಗೇ ತಿಳ್ಕೊಂಡು ಬೋನು ಇಟ್ಟಿದ್ದೆ."

ಅಷ್ಟರಲ್ಲಿ ಶಿಶುವಿಹಾರದ ಆಯಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ಆ ಬಾತುಕೋಳಿ ಯಾಕ್ರೀ ತಂದ್ರಿ? ಕೆಳಗೆ ಮೂವರು ನೆಲಕ್ಕೆ ಬಿದ್ದು ಅಳ್ತಿದಾರೆ. ಮೀನಿಂದು ಬೇಡ, ಅದನ್ನ ನೀವೇ ಇಟ್ಕೊಳ್ಳಿ."

ಮ್ಯಾನೇಜರ್ ತಮ್ಮ ಹೊಚ್ಚಹೊಸ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸರಿ, ಬಾತೇ ಅಚ್ಚಿಗೆ ಹೋಗ್ಲಿ." ಸೋತವರಿಗೆ ಬಾಯಿ ಸುಮ್ಮನಿರುವುದಿಲ್ಲ, ಎಲ್ಲರೂ ನುಂಗಿಕೊಂಡಿದ್ದ ಪ್ರಶ್ನೆಯನ್ನು ಅವರು ಕೇಳಿಯೇಬಿಟ್ಟರು. "ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ. ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ, ಅದಕ್ಕೇ ಇಷ್ಟು ದಪ್ಪ ಗೆರೆ ಎಳೀತೀರಂತೆ. ಹೌದಾ?"

ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ದೊಡ್ಡಮ್ಮ ಬಾತುಕೋಳಿಯನ್ನು ಮೂಗಿನ ಹತ್ತಿರ ಹಿಡಿದು, ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು.

"ಹೌದು, ಕಾಣಲ್ಲ. ನನಗೇ ಕಾಣೋ ಹಾಗೆ ಬರೆದ್ರೆ ಮಗುವಿಗೂ ಕಾಣುತ್ತೆ. ಕಣ್ಣು ಚೆನ್ನಾಗಿರೋ ನೀವು ಹದಿನೇಳು ಮೀನು ಬಿಟ್ರಲ್ಲ, ಒಂದನ್ನಾದ್ರೂ ಯಾರಾದ್ರೂ ಕಚ್ಚಿದ್ರಾ?"