ದೇವರ ಗೂಡಿನ ಮಾತ್ರೆ

ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳ ನೋವು ನೋಡಿಕೊಳ್ಳುವ ನರ್ಸ್ ನಾನು. ಲಷ್ಕರ್ ಮೊಹಲ್ಲಾದ ಒಂದು ಮನೆಯಲ್ಲಿ ಯಜಮಾನರು ನೋವಿಗೆ ಗೋಡೆ ಪರಚುತ್ತಿದ್ದರು. ನಾವು ಕೊಟ್ಟಿದ್ದ ಮಾರ್ಫಿನ್ ಮಾತ್ರೆಗಳು ಮಾತ್ರ ದೇವರ ಗೂಡಿನಲ್ಲಿ ಹಾಗೇ ಇದ್ದವು.

"ಕೊಟ್ಟೇ ಇಲ್ವೇನಮ್ಮಾ?"

"ಅದು ಕೊನೇಗಾಲಕ್ಕೆ ಕೊಡೋದಂತೆ ಸಿಸ್ಟರ್. ಕೊಟ್ಬುಟ್ರೆ ಇವ್ರು ಹೋಗ್ಬುಡ್ತಾರೆ," ಎಂದು ಅವರ ಹೆಂಡತಿ ಅತ್ತರು.

"ಇದು ನೋವಿಗೆ ಕಣಮ್ಮ, ಸಾವಿಗಲ್ಲ" ಎಂದು ನಾನೇ ಒಂದು ನುಂಗಿಸಿದೆ. ಮುಕ್ಕಾಲು ಗಂಟೆಯಲ್ಲಿ ಅವರಿಗೆ ಗಾಢ ನಿದ್ದೆ ಬಂತು. ಆಕೆ ಗಂಡನ ಮೂಗಿನ ಹತ್ತಿರ ಬೆರಳು ಹಿಡಿದು, ಕೊಲೆಗಾರ್ತಿಯನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಾ ಕೂತರು.

ಕೊನೆಗೂ ಯಜಮಾನರು ಕಣ್ಣು ಬಿಟ್ಟು ಕಾಫಿ ಕೇಳಿದರು. ಒಂದು ಗುಟುಕು ಕುಡಿದು, "ಸಕ್ಕರೇನೇ ಹಾಕಿಲ್ವಲ್ಲೇ!" ಎಂದು ಗದರಿದರು.

ಆಕೆ ನಗುತ್ತಾ ಡಬ್ಬಿ ತರಲು ಓಡಿದರು. ಅಲ್ಲಿಯವರೆಗೆ ವಾಚು ನೋಡುವ ನೆಪದಲ್ಲಿ ನಾನೂ ಯಜಮಾನರ ಉಸಿರು ಎಣಿಸುತ್ತಿದ್ದುದನ್ನು ಮಾತ್ರ ಹೇಳಲಿಲ್ಲ.